ಆಚೆ ದಡದಿಂದ ಹೇಳು

ಜಬಲ್ಪುರ
14 ಸೆಪ್ಟೆಂಬರ್ 1985

ಏಲಿ,

ಕ್ಷೇಮ ಸಮಾಚಾರವೆಲ್ಲ ಕೊನೆಗೆ. ಮೊದಲು ಕೂತುಕೋ. ಕೈಯಲ್ಲಿ ಚಹಾದ ಲೋಟ ಇದ್ದರೆ ಕೆಳಗಿಡು.

ನಾನು ಪರೀಕ್ಷೆ ಬರೆಯುತ್ತಿದ್ದೇನೆ!

ಎರ್ನಾಕುಳದಿಂದ ಅಣ್ಣ ಮಾವಿನಮಿಡಿಯ ಭರಣಿ ಕಳಿಸಿದ್ದ. ಅದಕ್ಕೆ ಸುತ್ತಿದ್ದ ಪತ್ರಿಕೆಯ ಹಾಳೆಯಲ್ಲಿ, ಎಣ್ಣೆಯ ಕಲೆಯ ಪಕ್ಕದಲ್ಲೇ, ಆ ಪ್ರಕಟಣೆ ಇತ್ತು. ಹಳೆಯ ಸ್ಕೀಮಿನಲ್ಲಿ ಕಾನೂನು ಓದಿ ಪೇಪರು ಬಾಕಿ ಉಳಿಸಿಕೊಂಡವರಿಗೆ ವಿಶ್ವವಿದ್ಯಾಲಯದವರು ಮರ್ಸಿ ಚಾನ್ಸ್ ಕೊಡುತ್ತಾರಂತೆ. ಒಂದೇ ಸಲ. ಇದು ತಪ್ಪಿದರೆ ಮತ್ತೆ ಇಲ್ಲ. ಅಡುಗೆಮನೆಯಲ್ಲಿ ನಿಂತು ಮೂರು ಸಲ ಓದಿದೆ. ನನ್ನ ಹಳೆಯ ಅಂಕಪಟ್ಟಿ ನಿನಗೆ ನೆನಪಿದೆಯಲ್ಲ? ಎಲ್ಲ ಪೇಪರಿನಲ್ಲೂ ಅಂಕ, ಸಾಕ್ಷ್ಯ ಕಾಯ್ದೆಯ ಎದುರಿಗೆ ಮಾತ್ರ ‘ಗೈರುಹಾಜರು’. ಆ ದಿನ ನೀನು ಪರೀಕ್ಷಾ ಹಾಲಿನಲ್ಲಿ ಕೂತು ಬರೆಯುತ್ತಿದ್ದೆ, ನಾನು ಚಪ್ಪರದಲ್ಲಿ ಕೂತು ತಾಳಿ ಕಟ್ಟಿಸಿಕೊಳ್ಳುತ್ತಿದ್ದೆ. "ಮುಹೂರ್ತ ಮತ್ತೆ ಸಿಗಲ್ಲ, ಪರೀಕ್ಷೆ ಯಾವಾಗ ಬೇಕಾದ್ರೂ ಬರುತ್ತೆ" ಅಂದಿದ್ದ ಅಣ್ಣ. ಬಂತು ನೋಡು, ಇಪ್ಪತ್ತೈದು ವರ್ಷಕ್ಕೆ, ಅವನೇ ಕಳಿಸಿದ ಉಪ್ಪಿನಕಾಯಿಯ ಜೊತೆಗೆ.

ಅವತ್ತು ತಾಳಿ ಕಟ್ಟಿದ ಚಂದ್ರೇಟ್ಟನ್‌ಗೆ ಹೇಳಿದರೆ, "ಸನ್ನದು ಸಿಕ್ಕಿದ ಕೂಡ್ಲೇ ಮೊದಲ ಕೇಸು ನನ್ನ ಮೇಲೇ ಹಾಕ್ತೀಯಲ್ಲ?" ಅಂದರು. "ಸಾಕ್ಷಿ ಹುಡುಕೋ ಕಷ್ಟ ಇಲ್ಲ, ಇಬ್ಬರು ಮಕ್ಕಳಿದ್ದಾರೆ" ಅಂದೆ. ತಮಾಷೆ ಬದಿಗಿಡು. ನನಗೆ ಆ ಕಪ್ಪು ಗೌನು ಬೇಕು ಏಲಿ. ಒಂದು ದಿನವಾದರೂ ಹಾಕಿಕೊಂಡು ಹೈಕೋರ್ಟಿನ ಮೆಟ್ಟಿಲು ಹತ್ತಬೇಕು. ಯಾರಿಗೂ ಹೇಳದೆ ಇಷ್ಟು ವರ್ಷ ಆ ಆಸೆ ಇಟ್ಟುಕೊಂಡಿದ್ದೆ.

ನಿನ್ನೆಯಿಂದ ನಮಗೆ ಸಾಕ್ಷ್ಯ ಕಾಯ್ದೆ ಕಲಿಸಿದ ಕುರುಪ್ ಸಾರ್ ತಲೆಯಲ್ಲೇ ಕೂತಿದ್ದಾರೆ. ಕ್ಯಾಂಟೀನಿನ ಮೇಲಿನ ಆ ಕೋಣೆ, ಕೆಳಗಿನಿಂದ ಬರುತ್ತಿದ್ದ ಪರಿಪ್ಪುವಡೆಯ ವಾಸನೆ, ಸಾರ್ ಮೂಗಿಗೇರಿಸುತ್ತಿದ್ದ ನಶ್ಯ. ಮೌಖಿಕ ಪರೀಕ್ಷೆಗೆ ನಮ್ಮಿಬ್ಬರನ್ನೂ ಒಟ್ಟಿಗೇ ಕರೆದಿದ್ದರಲ್ಲ! "ದೋಣಿ ನಡೆಸೋ ಕಾಳಿಕ್ಕುಟ್ಟಿಯ ಕುತ್ತಿಗೆಗೆ ಯಾರೋ ಕತ್ತಿ ಹಾಕಿದ್ದಾರೆ. ದಡದಲ್ಲಿ ಬಿದ್ದಿದ್ದಾಳೆ, ಮಾತು ನಿಂತಿದೆ. ಯಾರು ಹೊಡೆದದ್ದು ಅಂತ ಜನ ಕೇಳಿದ್ರು. ಬೆರಳೆತ್ತಿ ಹೊಳೆ ಕಡೆ ತೋರ್ಸಿದಳು, ಪ್ರಾಣ ಬಿಟ್ಟಳು. ಹೊಳೆಯಲ್ಲಿ ಒಂದೇ ದೋಣಿ, ಅದ್ರಲ್ಲಿ ಅಣ್ಣ ತಮ್ಮ ಇಬ್ಬರು. ಆ ಬೆರಳು ಸಾಕ್ಷ್ಯ ಆಗುತ್ತಾ?" ನಾನು ಆಗುತ್ತದೆ ಎಂದು ಗಂಟಲು ಹರಿಯುವಷ್ಟು ವಾದಿಸಿದೆ. ಸಾರ್ ನಶ್ಯದ ಡಬ್ಬಿ ಮುಚ್ಚಿ, ಮಗಳನ್ನು ಕರೆಯುವ ಹಾಗೆ, "ಸರಿ ಮೋಳೇ, ಈಗ ಆಚೆ ದಡದಿಂದ ಹೇಳು" ಅಂದರು. ಆಗುವುದಿಲ್ಲ ಎಂದು ವಾದಿಸಬೇಕು. ಅಂಕವೆಲ್ಲ ಆ ಎರಡನೆಯ ಅರ್ಧಕ್ಕೆ ಮಾತ್ರ. "ನಿನ್ನ ಪಕ್ಷ ನಿನಗೆ ಗೊತ್ತಿರೋದ್ರಲ್ಲಿ ಏನು ದೊಡ್ಡಸ್ತಿಕೆ?" ಅನ್ನುತ್ತಿದ್ದರು.

ಏನು ಓದಲಿ, ಯಾವುದನ್ನು ಬಿಡಲಿ, ಎಲ್ಲ ವಿವರವಾಗಿ ಬರೆ. ಪ್ರೊಫೆಸರ್ ಗೆಳತಿ ಇರುವಾಗ ನನಗೇನು ಚಿಂತೆ? ಇನ್ನೊಂದು ಮಾತು. ಅವತ್ತು ನಾನು ಬಂದಿದ್ದರೆ ಸಾಕ್ಷ್ಯ ಕಾಯ್ದೆಯ ಪದಕ ನಿನಗೆ ಸಿಗುತ್ತಿರಲಿಲ್ಲ, ಗೊತ್ತಿರಲಿ.

ನಿನ್ನ
ಪಂಕಿ

*

ಎರ್ನಾಕುಳಂ
9 ಅಕ್ಟೋಬರ್ 1985

ಪಂಕಿ,

ನಿನ್ನ ಕಾಗದ ಓದಿ ಸ್ಟಾಫ್ ರೂಮಿನಲ್ಲೇ ಕಿರುಚಿಬಿಟ್ಟೆ. ಪಕ್ಕದ ಮೇಜಿನ ತಂಕಪ್ಪನ್ ಸಾರ್ ಕನ್ನಡಕದ ಮೇಲಿನಿಂದ ನೋಡಿ, "ಏನು ಟೀಚರೇ, ಮನೇಲಿ ಯಾರಾದ್ರೂ ಹೋದ್ರಾ?" ಎಂದು ಕೇಳಿದರು. ಈ ಮನುಷ್ಯನನ್ನು ಹುಡುಗರು ‘ಕತ್ತರಿ’ ಎನ್ನುತ್ತಾರೆ. ಅಂಕ ಕತ್ತರಿಸುವುದರಲ್ಲಿ ಅಷ್ಟು ಹೆಸರು. "ಹೋದದ್ದಲ್ಲ ಸಾರ್, ಒಬ್ಬಳು ವಾಪಸ್ ಬರ್ತಿದ್ದಾಳೆ" ಅಂದೆ.

ಕ್ಯಾಂಟೀನಿನ ಮೇಲಿನ ಕೋಣೆಯಲ್ಲಿ ಈಗ ಮುರಿದ ಬೆಂಚುಗಳನ್ನು ಪೇರಿಸಿದ್ದಾರೆ. ಮೌಖಿಕ ಪರೀಕ್ಷೆ ಈಗಲೂ ಇದೆ, ಆದರೆ ಮೂವರು ಪರೀಕ್ಷಕರು, ಒಬ್ಬೊಬ್ಬ ಹುಡುಗನಿಗೆ ಏಳೆಂಟು ನಿಮಿಷ. ವ್ಯಾಖ್ಯೆ ಕೇಳುತ್ತೇವೆ, ಕಲಂ ಕೇಳುತ್ತೇವೆ, ಕಾಲಂ ತುಂಬುತ್ತೇವೆ. ಆಚೆ ದಡಕ್ಕೆ ಕಳಿಸಲು ಯಾರಿಗೂ ಪುರುಸೊತ್ತಿಲ್ಲ. ಕುರುಪ್ ಸಾರ್ ಹೋಗಿ ಆರು ವರ್ಷವಾಯಿತು. ಅವರ ಕೊಡೆ ಇನ್ನೂ ಲೈಬ್ರರಿಯ ಮೂಲೆಯಲ್ಲಿದೆ. ಯಾರೂ ಒಯ್ಯಲಿಲ್ಲ, ಯಾರೂ ಎಸೆಯಲಿಲ್ಲ. ಮಳೆ ಬಂದಾಗ ಅದರ ಕಡೆ ಒಮ್ಮೆ ನೋಡಿ ನನ್ನ ಕೊಡೆ ತೆಗೆದುಕೊಳ್ಳುತ್ತೇನೆ.

ಏನು ಓದಲಿ ಎಂದು ಕೇಳಿದ್ದೀಯ. ಪಠ್ಯಕ್ರಮವನ್ನು ಆಫೀಸಿನಿಂದ ತರಿಸಿಕೋ. ಅದರಲ್ಲಿರುವುದನ್ನೆಲ್ಲ ಓದು.

ಚಂದ್ರೇಟ್ಟನ್‌ಗೆ ನನ್ನ ನಮಸ್ಕಾರ ಹೇಳು.

ಏಲಿ

*

ಜಬಲ್ಪುರ
6 ಜನವರಿ 1986

ಪ್ರೀತಿಯ ಏಲಿ,

ಕ್ರಿಸ್‌ಮಸ್ಸಿಗೆ ನಿನ್ನಿಂದ ಒಂದು ಕಾರ್ಡಾದರೂ ಬರುತ್ತದೆ ಅಂದುಕೊಂಡೆ. ಹೋಗಲಿ. ಪರೀಕ್ಷಾ ಶುಲ್ಕ ಕಟ್ಟಿದ್ದೇನೆ, ನಮ್ಮ ಕಾಲೇಜೇ ಸೆಂಟರು. ಬೆಳಿಗ್ಗೆ ಕುಕ್ಕರಿನ ಸೀಟಿಗೊಂದು ಕಲಂ ಬಾಯಿಪಾಠ ಮಾಡುತ್ತೇನೆ. ಸಂಜೆ ಚಂದ್ರೇಟ್ಟನ್ ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಾರೆ. ಫ್ಯಾಕ್ಟರಿಯಲ್ಲಿ ಜನರನ್ನು ಗದರಿಸಿ ಅಭ್ಯಾಸ ನೋಡು, ಉತ್ತರ ತಪ್ಪಾದರೆ ಇಲ್ಲೂ ಅದೇ ದನಿ. ಮೊನ್ನೆ ಪಕ್ಕದ ಮನೆಯ ಮಿಶ್ರಾಜಿ ಬಂದು, "ಬಹೂ ಮೇಲೆ ಯಾಕೆ ಸಿಟ್ಟು, ಸಾರಿಗೆ ಉಪ್ಪು ಜಾಸ್ತಿ ಆಯ್ತಾ?" ಎಂದು ಸಮಾಧಾನ ಹೇಳಿ ಹೋದರು!

ನಾಲ್ಕು ಸಂದೇಹಗಳಿವೆ, ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಮುಖ್ಯವಾಗಿ ಸಾಯುವವರ ಹೇಳಿಕೆಯ ಬಗ್ಗೆ. ಹೊಸ ತೀರ್ಪುಗಳು ಏನೇನೋ ಬಂದಿವೆಯಂತೆ, ಇಲ್ಲಿ ಪುಸ್ತಕ ಸಿಗುವುದಿಲ್ಲ. ನಾಲ್ಕು ಸಾಲು ಬರೆದರೂ ಸಾಕು.

ಕಳೆದ ಸಲದ ನಿನ್ನ ಕಾಗದದಲ್ಲಿ ಮುರಿದ ಬೆಂಚಿಗೂ ಕೊಡೆಗೂ ಜಾಗವಿತ್ತು, ನನ್ನ ಪ್ರಶ್ನೆಗೆ ಇರಲಿಲ್ಲ. ಈ ವಯಸ್ಸಿನಲ್ಲಿ ಇವಳಿಗೆ ಯಾಕೆ ಈ ಹುಚ್ಚು ಅನ್ನಿಸುತ್ತಿದೆಯೇ? ಅನ್ನಿಸಿದರೆ ಹೇಳಿಬಿಡು. ನಿನ್ನ ಬೈಗುಳ ನನಗೇನು ಹೊಸದೇ?

ಪಂಕಿ

*

ಎರ್ನಾಕುಳಂ
2 ಫೆಬ್ರವರಿ 1986

ಪಂಕಜಾಕ್ಷಿ,

ಕಾಗದ ತಲುಪಿತು. ಇಲ್ಲಿ ಸೆಕೆ ಶುರುವಾಗಿದೆ. ಹಿತ್ತಲಿನ ಹಲಸು ಈ ವರ್ಷ ಬುಡದಿಂದಲೇ ಬಿಟ್ಟಿದೆ. ನಮ್ಮವರಿಗೆ, ಚಾಕೋಚ್ಚನ್‌ಗೆ, ಮಂಡಿನೋವು ಹೆಚ್ಚಾಗಿ ಚರ್ಚಿನ ಪೆರುನಾಳು ಹಬ್ಬದ ಮೆರವಣಿಗೆಗೆ ಹೋಗಲಾಗಲಿಲ್ಲ. ಅದಕ್ಕೆ ಎರಡು ದಿನ ಮುನಿಸು.

ನಿನ್ನ ಬೇರೆ ಹಾಳೆಯನ್ನು ಓದದೆ ಹಿಂದಕ್ಕೆ ಕಳಿಸುತ್ತಿದ್ದೇನೆ. ಫಲಿತಾಂಶ ಬರುವವರೆಗೆ ನನಗೆ ಬರೆಯಬೇಡ. ನಾನೂ ಬರೆಯುವುದಿಲ್ಲ. ಯಾಕೆ ಎಂದು ಕೇಳಬೇಡ.

ಏಲಿಯಾಮ್ಮ

*

ಎರ್ನಾಕುಳಂ, ಅಣ್ಣನ ಮನೆ
23 ಏಪ್ರಿಲ್ 1986

ನನ್ನ ಏಲಿ,

ಬರೆಯಬೇಡ ಅಂದಿದ್ದೆ. ನಾನು ಯಾವಾಗ ನಿನ್ನ ಮಾತು ಕೇಳಿದ್ದೆ, ಈಗ ಕೇಳಲು? ಪರೀಕ್ಷೆ ಮುಗಿಯಿತು. ನಾಳೆ ರೈಲು.

ನಿಜ ಹೇಳುತ್ತೇನೆ. ಫೆಬ್ರವರಿಯ ಆ ಕಾಗದ ಬಂದಾಗ ಅತ್ತೆ. ಪಂಕಜಾಕ್ಷಿ ಎಂದು ನನ್ನ ಪೂರ್ತಿ ಹೆಸರು ಬರೆದಿದ್ದೆಯಲ್ಲ, ಅದಕ್ಕೇ ಹೆಚ್ಚು ಅತ್ತೆ. ಪುಸ್ತಕಗಳನ್ನು ಕಟ್ಟಿ ಅಟ್ಟದ ಮೇಲೆ ಹಾಕಿದ್ದೆ. ಚಂದ್ರೇಟ್ಟನ್ ಇಳಿಸಿಕೊಟ್ಟರು.

ನಿನ್ನೆ ಗೇಟಿನ ಹತ್ತಿರ ಒಬ್ಬ ಹುಡುಗ ಮೇಷ್ಟ್ರು ತಡೆದ. "ಅಮ್ಮಾ, ಮಕ್ಕಳನ್ನ ಬಿಡೋಕೆ ಬಂದವರು ಹೊರಗೇ ನಿಲ್ಲಬೇಕು." "ಮೋನೇ, ಮಗು ನಾನೇ" ಎಂದು ಹಾಲ್ ಟಿಕೆಟ್ ತೋರಿಸಿದೆ. ಪಾಪ, ಬೆವತುಹೋದ. ಹಳೆಯ ಸ್ಕೀಮಿನವರು ಐದೇ ಜನ. ನಮಗೆ ಬೇರೆ ಕೋಣೆ. ಒಬ್ಬರು ರಿಟೈರಾದ ತಹಶೀಲ್ದಾರರು, ಬೆಂಚಿಗೊಂದು ದಿಂಬು ತಂದಿದ್ದರು. ಒಬ್ಬರು ಪಾದ್ರಿ. "ಪ್ರಾರ್ಥನೆ ಮಾಡೋಣ್ವಾ?" ಅಂದರು. "ಮೊದ್ಲು ಪ್ರಶ್ನೆಪತ್ರಿಕೆ ಬರಲಿ ಫಾದರ್, ಯಾವುದಕ್ಕೆ ಪ್ರಾರ್ಥನೆ ಅಂತ ಗೊತ್ತಾಗುತ್ತೆ" ಅಂದರು ತಹಶೀಲ್ದಾರರು.

ಆಗ ನಿನ್ನನ್ನು ಕಂಡೆ. ವರಾಂಡದ ಆ ತುದಿಯಲ್ಲಿ, ಬಿಳಿ ಸೀರೆ, ಕೈಯಲ್ಲಿ ಒಂದು ಹಾಳೆ. ನಾನು ಕೈ ಎತ್ತಿದೆ. ನೀನು ನೋಡಿದೆ. ನೋಡಿ ಮುಖ ತಿರುಗಿಸಿ ಒಳಗೆ ಹೋದೆ. ಆ ಗಳಿಗೆಯಲ್ಲಿ ಎದ್ದು ಹೋಗಿಬಿಡುತ್ತಿದ್ದೆ ಏಲಿ, ಪೆನ್ನಿನ ಮುಚ್ಚಳ ಹಾಕಿಯೂ ಆಗಿತ್ತು.

ಆಮೇಲೆ ಪ್ರಶ್ನೆಪತ್ರಿಕೆ ಬಂತು. ಎರಡನೆಯ ಪ್ರಶ್ನೆ. ದೋಣಿ ನಡೆಸುವ ಹೆಂಗಸು, ಕುತ್ತಿಗೆಗೆ ಕತ್ತಿಯೇಟು, ಎತ್ತಿದ ಬೆರಳು, ಹೊಳೆಯಲ್ಲಿ ಅಣ್ಣ ತಮ್ಮ.

ಅಯ್ಯೋ ನನ್ನ ಕಳ್ಳಿ! ನಿನ್ನ ಕಾಗದ ತಲುಪಿತು. ಇಷ್ಟು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿದ್ದು ಇದಕ್ಕೇ ಎಂದು ಆಗ ತಿಳಿಯಿತು. ಉಳಿದ ನಾಲ್ಕು ಜನ ಪ್ರಶ್ನೆಪತ್ರಿಕೆ ಓದುತ್ತಿದ್ದರು, ನಾನು ನಿನ್ನ ಪತ್ರ ಓದುತ್ತಿದ್ದೆ. ಉತ್ತರವನ್ನೂ ನಿನಗೇ ಬರೆದೆ. ‘ಈಚೆ ದಡ’ ಎಂದು ತಲೆಬರಹ ಕೊಟ್ಟು ಮೂರು ಹಾಳೆ, ‘ಆಚೆ ದಡ’ ಎಂದು ಮೂರು ಹಾಳೆ. ತೀರ್ಮಾನ ಬರೆಯಲಿಲ್ಲ. ಕುರುಪ್ ಸಾರ್ ಯಾವಾಗ ತೀರ್ಮಾನ ಕೇಳಿದ್ದರು? ಬರೆಯುತ್ತ ಬರೆಯುತ್ತ ಇಪ್ಪತ್ತರ ಹುಡುಗಿಯಾಗಿದ್ದೆ, ಕೆಳಗಿನಿಂದ ವಡೆಯ ವಾಸನೆ ಬಂದಂತಾಯಿತು. ಗಂಟೆ ಬಾರಿಸಿದಾಗ ಕೊನೆಯ ಪ್ರಶ್ನೆ ಮುಟ್ಟಿಯೇ ಇರಲಿಲ್ಲ. ಅದಕ್ಕೂ ಮುಂಚಿನದು ಅರ್ಧ.

ಪರವಾಗಿಲ್ಲ. ನನ್ನ ಉತ್ತರ ಯಾರ ಕೈಗೆ ಹೋಗುತ್ತದೆ ಎಂದು ನನಗೆ ಗೊತ್ತಲ್ಲ.

ನಿನ್ನ, ನಿನ್ನದೇ
ಪಂಕಿ

*

ಜಬಲ್ಪುರ
11 ಆಗಸ್ಟ್ 1986

ಪ್ರೊಫೆಸರ್ ಏಲಿಯಾಮ್ಮ ಚಾಕೋ ಅವರಿಗೆ,

ಫಲಿತಾಂಶ ಬಂದಿದೆ. ಇನ್ನು ಬರೆಯಬಹುದಲ್ಲ?

ಏಪ್ರಿಲ್‌ನಲ್ಲಿ ಬರೆದದ್ದಕ್ಕೆ ನಿಮ್ಮಿಂದ ಒಂದು ಸಾಲೂ ಬರಲಿಲ್ಲ. ಅಂಕಪಟ್ಟಿ ಬಂತು. ಪಾಸಾಗಲು ನಲವತ್ತು ಬೇಕು. ನನಗೆ ಬಂದದ್ದು ನಲವತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ.

ಮೊದಲ ದಿನ ಕುಣಿದಾಡಿದೆ. ಚಂದ್ರೇಟ್ಟನ್ ಪೇಡೆ ತಂದು ಓಣಿಗೆಲ್ಲ ಹಂಚಿದರು. ಮರುದಿನ ಬೆಳಿಗ್ಗೆ ಅಕ್ಕಿ ಆರಿಸುತ್ತಿದ್ದಾಗ ತಲೆ ಓಡಲು ಶುರುವಾಯಿತು. ಒಂದೂವರೆ ಪ್ರಶ್ನೆ ಬಿಟ್ಟು ಬಂದವಳಿಗೆ, ತೀರ್ಮಾನವಿಲ್ಲದ ಉತ್ತರ ಬರೆದವಳಿಗೆ, ಸರಿಯಾಗಿ ನಲವತ್ತು ಹೇಗೆ ಬರುತ್ತದೆ? ಅಂಗಡಿಯವನು ತಕ್ಕಡಿಗೆ ಬೆರಳು ಕೊಟ್ಟರೆ ಮಾತ್ರ ಮುಳ್ಳು ಅಷ್ಟು ನೇರವಾಗಿ ನಿಲ್ಲುತ್ತದೆ.

ಪ್ರಶ್ನೆ ನೀನು ಕೊಟ್ಟೆ, ನಾನು ಖುಷಿಪಟ್ಟೆ. ಅದು ಹಳೆಯ ಸ್ನೇಹ. ಆದರೆ ಅಂಕವನ್ನೂ ನೀನೇ ಕೊಟ್ಟೆಯಾ? ಚಾನ್ಸಿಗೇ ಮರ್ಸಿ ಎಂದು ಹೆಸರಿಟ್ಟಿದ್ದರು, ಅದನ್ನು ನುಂಗಿಕೊಂಡಿದ್ದೆ. ಇನ್ನೊಂದು ದಯೆಯನ್ನು ಹೊತ್ತು ಹೈಕೋರ್ಟಿನ ಮೆಟ್ಟಿಲು ಹತ್ತಲಾರೆ. ಕನ್ನಡಿಯ ಮುಂದೆ ಗೌನು ಹಾಕಿಕೊಂಡಂತೆ ಊಹಿಸಿಕೊಂಡಾಗಲೆಲ್ಲ ಇದು ಏಲಿ ಹೊಲಿಸಿಕೊಟ್ಟದ್ದು ಅನ್ನಿಸುತ್ತದೆ. ಸನ್ನದಿಗೆ ಅರ್ಜಿ ಹಾಕುವುದಿಲ್ಲ. ತುಂಬಿಟ್ಟ ಅರ್ಜಿಯನ್ನು ಒಲೆಗೆ ಹಾಕುವವಳಿದ್ದೆ, ಚಂದ್ರೇಟ್ಟನ್ ಕೈಯಿಂದ ಕಿತ್ತುಕೊಂಡರು.

ನೀನು ನನ್ನನ್ನು ಫೇಲ್ ಮಾಡಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಪಂಕಜಾಕ್ಷಿ

*

ಎರ್ನಾಕುಳಂ
20 ಆಗಸ್ಟ್ 1986

ಪಂಕಿ,

ಕಾಗದ ಸಿಕ್ಕಿದ ಕೂಡಲೇ ಬರೆಯುತ್ತಿದ್ದೇನೆ. ಅನ್ನ ಒಲೆಯ ಮೇಲೆ ಬೇಯುತ್ತಿದೆ. ಸೀದರೆ ಸೀಯಲಿ. ಹೋದ ಅಕ್ಟೋಬರಿನಿಂದ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ.

ಹಳೆಯ ಸ್ಕೀಮಿನ ಪರೀಕ್ಷಾ ಮಂಡಳಿಗೆ ನಾನೇ ಅಧ್ಯಕ್ಷೆ. ನಿನ್ನ ಮೊದಲ ಕಾಗದ ಬಂದ ವಾರವೇ ವಿಶ್ವವಿದ್ಯಾಲಯಕ್ಕೆ ಬರೆದು, ನನ್ನ ಗೆಳತಿ ಪರೀಕ್ಷೆ ಬರೆಯುತ್ತಿದ್ದಾಳೆ, ನನ್ನನ್ನು ಬಿಟ್ಟುಬಿಡಿ ಅಂದೆ. ಅವರ ಉತ್ತರ ಬಂತು. ರಕ್ತಸಂಬಂಧಿಗಳಿದ್ದರೆ ಮಾತ್ರ ತಿಳಿಸಬೇಕಂತೆ, ಸ್ನೇಹಕ್ಕೆ ನಿಯಮದಲ್ಲಿ ಜಾಗವಿಲ್ಲವಂತೆ. ನಿಯಮ ಇಲ್ಲದಿದ್ದರೆ ನಾನೇ ಮಾಡಿಕೊಳ್ಳಬೇಕಲ್ಲ? ಕಾಗದ ನಿಲ್ಲಿಸಿದೆ. ಮಂಡಳಿಯಲ್ಲಿರುವುದನ್ನು ಯಾರಿಗೂ ಹೇಳಬಾರದು, ಆದ್ದರಿಂದ ಕಾರಣ ಹೇಳಲಾಗಲಿಲ್ಲ. ಪಂಕಿ ಎಂದು ಬರೆದಿದ್ದ ಹಾಳೆಯನ್ನು ಹರಿದು ಪಂಕಜಾಕ್ಷಿ ಎಂದು ಮತ್ತೆ ಬರೆದೆ.

ಬೆರಳಿನ ಪ್ರಶ್ನೆ ನಾನು ನಿನಗಾಗಿ ಇಟ್ಟದ್ದಲ್ಲ. ಅದನ್ನು ಬರೆದು ಮುಚ್ಚಿದ ಲಕೋಟೆಯಲ್ಲಿ ಕಳಿಸಿದ್ದು 1984ರಲ್ಲಿ, ನಿನ್ನ ಭರಣಿಗಿಂತ ಎಷ್ಟೋ ಮೊದಲು. ಮೂವರು ಮೂರು ಪ್ರಶ್ನೆಪತ್ರಿಕೆ ಕಳಿಸುತ್ತೇವೆ, ಯಾವುದನ್ನು ಅಚ್ಚು ಹಾಕಿಸುತ್ತಾರೋ ನಮಗೂ ಗೊತ್ತಿರುವುದಿಲ್ಲ. ಅವತ್ತು ಬೆಳಿಗ್ಗೆ ಕಟ್ಟು ಒಡೆದರೆ ನನ್ನದೇ ಪ್ರಶ್ನೆಪತ್ರಿಕೆ. ಆ ಹಾಳೆ ಹಿಡಿದು ವರಾಂಡಕ್ಕೆ ಬಂದರೆ ಎದುರಿಗೆ ನೀನು, ಕೈ ಎತ್ತಿ ನಗುತ್ತಿದ್ದೀ. ನನ್ನ ಮುಖ ನೋಡಿದರೆ ನಿನಗೆ ಗೊತ್ತಾಗಿಬಿಡುತ್ತಿತ್ತು. ಅದಕ್ಕೆ ತಿರುಗಿದೆ. ಒಳಗೆ ಹೋಗಿ ನೀರು ಕುಡಿದೆ.

ಜೂನ್‌ನಲ್ಲಿ ಮೌಲ್ಯಮಾಪನ ಕ್ಯಾಂಪ್. ಹೆಸರು, ನಂಬರು ಇರುವ ತುಂಡನ್ನು ಕತ್ತರಿಸಿ ಉತ್ತರಪತ್ರಿಕೆಗೆ ಸುಳ್ಳು ನಂಬರು ಹಾಕಿರುತ್ತಾರೆ, ಯಾರದೆಂದು ತಿಳಿಯಬಾರದು ಎಂದು. ಹಳೆಯ ಸ್ಕೀಮಿನ ಐದು ಪತ್ರಿಕೆ ನನ್ನ ಮೇಜಿಗೇ ಬಂದವು. ಮೂರನೆಯದನ್ನು ತೆರೆದರೆ ‘ಈಚೆ ದಡ’ ಎಂಬ ತಲೆಬರಹ! ಎಷ್ಟು ಸುಳ್ಳು ನಂಬರು ಹಾಕಿದರೇನು? ಆ ಸಾಲಿನ ಮುಂದೆ ಓದಲಿಲ್ಲ. ಓದಬೇಕೆಂದು ಎಷ್ಟು ಆಸೆಯಾಯಿತೋ ದೇವರಿಗೇ ಗೊತ್ತು. ಕಟ್ಟನ್ನು ಎತ್ತಿಕೊಂಡು ಹೋಗಿ ಕ್ಯಾಂಪ್ ಆಫೀಸರ ಮುಂದಿಟ್ಟೆ.

"ಏನು ಟೀಚರೇ, ರಕ್ತಸಂಬಂಧವಾ?" ಅಂದರು.

"ಅದಕ್ಕಿಂತ ಹೆಚ್ಚು ಸಾರ್."

ಅವರು ಅದನ್ನು ಕೊಟ್ಟದ್ದು ಯಾರಿಗೆ ಗೊತ್ತೇ? ಕತ್ತರಿ ತಂಕಪ್ಪನ್ ಸಾರ್‌ಗೆ! ನನ್ನ ಎದುರಿನ ಮೇಜು. ಒಂದು ಗಂಟೆಯ ಮೇಲೆ ಕನ್ನಡಕ ತೆಗೆದು ಎಲ್ಲರಿಗೂ ಕೇಳುವಂತೆ, "ಸಾಕ್ಷ್ಯ ಕಾಯ್ದೆಯಲ್ಲಿ ಹೊಳೆ ಎಲ್ಲಿಂದ ಬಂತಪ್ಪಾ? ಈಚೆ ದಡ ಅಂತೆ, ಆಚೆ ದಡ ಅಂತೆ. ಈ ಯಪ್ಪ ಲಾಯರಾ, ಅಂಬಿಗನಾ?" ಅಂದರು. ಕ್ಯಾಂಪೆಲ್ಲ ನಕ್ಕಿತು. ನಾನೂ ನಕ್ಕೆ, ನಗದಿದ್ದರೆ ತಿಳಿದುಬಿಡುತ್ತಿತ್ತು. ಅವರು ಹಾಕಿದ್ದು ಮೂವತ್ತೆಂಟು. ಬೆರಳಿನ ಪ್ರಶ್ನೆಗೆ ಇಪ್ಪತ್ತಕ್ಕೆ ಒಂಬತ್ತು.

ನಾನೇ ತಿದ್ದಿದ್ದರೆ ಎಷ್ಟು ಹಾಕುತ್ತಿದ್ದೆ? ಆ ಪ್ರಶ್ನೆ ನನ್ನನ್ನು ಆ ತಿಂಗಳೆಲ್ಲ ತಿಂದಿತು. ನಿನ್ನ ಕೊನೆಯ ಚಾನ್ಸನ್ನು ನನ್ನ ಕೈಯಾರೆ ಕತ್ತರಿಗೆ ಕೊಟ್ಟೆನಲ್ಲ ಎಂದು.

ಜುಲೈನಲ್ಲಿ ಮಂಡಳಿಯ ಸಭೆ. ಫಲಿತಾಂಶಕ್ಕೆ ಸಹಿ ಹಾಕುವ ಮುಂಚೆ ತಂಕಪ್ಪನ್ ಸಾರ್ ಎದ್ದು ನಿಂತರು. ಒಂದು ಪತ್ರಿಕೆಯ ಬಗ್ಗೆ ಮಾತಾಡಬೇಕು ಅಂದರು. ಹೊಳೆ ಎಂಬ ಮಾತು ಅವರ ಬಾಯಿಂದ ಬಂದ ಕೂಡಲೇ ನಾನು ಎದ್ದೆ. "ಈ ವಿಷಯದಲ್ಲಿ ನಾನು ಇರಬಾರದು" ಎಂದು ಹೇಳಿ ಹೊರಗೆ ಬಂದು ವರಾಂಡದಲ್ಲಿ ನಿಂತೆ. ಜೋರು ಮಳೆ. ಬಾಗಿಲು ಮುಚ್ಚಿದ್ದರು. ಏನೂ ಕೇಳಿಸಲಿಲ್ಲ. ಅಷ್ಟು ಹೊತ್ತು ನಾನು ಯಾವ ಪರೀಕ್ಷೆಯ ಹೊರಗೂ ನಿಂತಿರಲಿಲ್ಲ, ಪಂಕಿ.

ಒಳಗೆ ಅವರು ಹೇಳಿದ್ದನ್ನು ಆಮೇಲೆ ತಿಳಿದುಕೊಂಡೆ. "ಹದಿನೆಂಟು ವರ್ಷದಲ್ಲಿ ನಾನು ಹಾಕಿದ ಅಂಕ ನಾನೇ ತಿದ್ದಿಲ್ಲ. ತೀರ್ಮಾನ ಇಲ್ಲ ಅಂತ ಈ ಉತ್ತರಕ್ಕೆ ಕತ್ತರಿ ಹಾಕಿದೆ. ಮನೆಗೆ ಹೋದ್ಮೇಲೆ ಶುರುವಾಯ್ತು ನೋಡಿ. ಆ ಯಮ್ಮ ಅಣ್ಣನ್ನ ತೋರ್ಸಿದ್ಳಾ, ತಮ್ಮನ್ನ ತೋರ್ಸಿದ್ಳಾ? ಊಟಕ್ಕೆ ಕೂತ್ರೆ ಅದೇ, ಸ್ನಾನಕ್ಕೆ ಹೋದ್ರೆ ಅದೇ. ಹೆಂಡತಿ ಹತ್ರ ಕೇಳಿದ್ರೆ, ನಿಮಗೆ ಪಿತ್ತ ಅಂದಳು. ಪರೀಕ್ಷಕನಿಗೇ ತೀರ್ಮಾನ ಮಾಡೋಕಾಗದ ಹಾಗೆ ಎರಡೂ ಕಡೆ ಬರೆದವರಿಗೆ ತೀರ್ಮಾನ ಇಲ್ಲ ಅಂತ ಅಂಕ ಕತ್ತರಿಸೋದು ಯಾವ ನ್ಯಾಯ? ಹನ್ನೊಂದು ಹಾಕ್ತೀನಿ. ಅದಕ್ಕಿಂತ ಒಂದೂ ಜಾಸ್ತಿ ಇಲ್ಲ, ಬಿಟ್ಟ ಪ್ರಶ್ನೆ ಬಿಟ್ಟದ್ದೇ." ಮಂಡಳಿಯ ಉಳಿದ ಮೂವರು ಒಪ್ಪಿದರು. ಕತ್ತರಿಗೆ ಇವತ್ತಿಗೂ ಗೊತ್ತಿಲ್ಲ, ಬರೆದದ್ದು ಗಂಡಸೋ ಹೆಂಗಸೋ ಎಂದು.

ನಿನ್ನ ಏಪ್ರಿಲ್‌ನ ಕಾಗದವನ್ನು ನಾನು ಒಡೆದದ್ದೇ ಫಲಿತಾಂಶ ಬಂದ ಮೇಲೆ. ಓದಿ ಅತ್ತೆ. ನೀನು ಪ್ರಶ್ನೆಪತ್ರಿಕೆಯನ್ನು ಕಾಗದವೆಂದು ಓದಿ, ಕಾಗದದಂತೆ ಉತ್ತರ ಬರೆದು, ಎರಡು ಪ್ರಶ್ನೆ ಹಾಳುಮಾಡಿಕೊಂಡಿದ್ದೆ. ತಪ್ಪು ಯಾರದೆಂದು ತಿಳಿಯದೆ, ಏನು ಬರೆಯಬೇಕೆಂದು ತಿಳಿಯದೆ ದಿನ ದೂಡಿದೆ. ಅಷ್ಟರಲ್ಲಿ ನಿನ್ನ ಸಿಟ್ಟು ಬಂತು.

ನಾನು ಈಚೆ ದಡದಿಂದ ಹೇಳುವುದನ್ನೆಲ್ಲ ಹೇಳಿದೆ. ಇದಕ್ಕೆ ಅಂಕವಿಲ್ಲ, ಗೊತ್ತು. ಸರಿ ಮೋಳೇ, ಈಗ ನೀನು ಆಚೆ ದಡದಿಂದ ಹೇಳು.

ಏಲಿ

(ಅನ್ನ ಸೀದಿದೆ.)

*

ಜಬಲ್ಪುರ
1 ಸೆಪ್ಟೆಂಬರ್ 1986

ಏಲಿ,

ಮೂರು ದಿನ ನಿನ್ನ ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದೆ. ಈಗ ಏಲಿಯಾಮ್ಮ ಚಾಕೋ ಪರವಾಗಿ ವಾದಿಸಲು ಎದ್ದು ನಿಂತಿದ್ದೇನೆ. ಚಂದ್ರೇಟ್ಟನ್ ಜಡ್ಜು. ಬನಿಯನ್ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದಾರೆ.

ಸ್ವಾಮಿ, ಈ ಹೆಂಗಸು ಗೆಳತಿಯ ಕಾಗದಕ್ಕೆ ಉತ್ತರ ಬರೆಯಲಿಲ್ಲ, ನಿಜ. ಬರೆದಿದ್ದರೆ ಗೆಳತಿಗೆ ಅರವತ್ತು ಅಂಕ ಬರುತ್ತಿತ್ತು, ಅದರಲ್ಲಿ ಒಂದೂ ಗೆಳತಿಯದಾಗಿರುತ್ತಿರಲಿಲ್ಲ. ಇವಳು ಮುಖ ತಿರುಗಿಸಿದಳು, ನಿಜ. ತಿರುಗಿಸಿದ್ದರಿಂದಲೇ ಗೆಳತಿ ಇವತ್ತು ಯಾರ ಮುಖವನ್ನಾದರೂ ನೇರವಾಗಿ ನೋಡಬಲ್ಲಳು. ಇವಳು ಪತ್ರಿಕೆಯನ್ನು ಅತಿ ಕಠಿಣ ಮನುಷ್ಯನ ಕೈಗೆ ಹೋಗಲು ಬಿಟ್ಟಳು. ಆ ಮನುಷ್ಯನಿಗೆ ಊಟ ಸೇರದಂತೆ ಮಾಡಿದ್ದು ಗೆಳತಿಯ ಉತ್ತರ, ಇವಳ ಶಿಫಾರಸಲ್ಲ. ಇಪ್ಪತ್ತೈದು ವರ್ಷ ಅಡುಗೆಮನೆಯಲ್ಲಿದ್ದವಳು ಒಬ್ಬ ಕತ್ತರಿಯನ್ನು ಮೊಂಡು ಮಾಡಿದ್ದಾಳೆ ಎಂಬುದು ಇವಳು ಹೊರಗೆ ನಿಂತದ್ದರಿಂದ ತಾನೇ ಗೊತ್ತಾದದ್ದು?

ಇಷ್ಟು ಹೇಳಿ ಕೂತೆ. ಜಡ್ಜು ಕನ್ನಡಕ ಒರೆಸಿಕೊಂಡು, "ಕೇಸು ವಜಾ. ಚಹಾ ಮಾಡು" ಅಂದರು.

ನಿನ್ನ ಮೇಲೆ ಅನುಮಾನ ಪಟ್ಟೆ. ಕ್ಷಮಿಸು ಅನ್ನುವುದಿಲ್ಲ, ನಮ್ಮ ನಡುವೆ ಆ ಮಾತು ಚೆನ್ನಾಗಿರುವುದಿಲ್ಲ. ನಲವತ್ತು ನನ್ನದೇ ಎಂದು ಈಗ ಗೊತ್ತಾಯಿತು. ಕಡಿಮೆಯೇ ಇರಲಿ, ಒಂದೊಂದೂ ನಾನು ದುಡಿದದ್ದು. ಕಿತ್ತುಕೊಂಡ ಅರ್ಜಿಯನ್ನು ಚಂದ್ರೇಟ್ಟನ್ ಇಸ್ತ್ರಿ ಹಾಕಿ ಸುಕ್ಕು ತೆಗೆದರು. ನಿನ್ನೆ ಅಂಚೆಗೆ ಹಾಕಿದೆ. ನವೆಂಬರ್‌ನಲ್ಲಿ ಸನ್ನದು ಕೊಡುತ್ತಾರಂತೆ, ಅಲ್ಲೇ ಹೈಕೋರ್ಟಿನಲ್ಲಿ. ಗೌನು ಇಲ್ಲಿನ ದರ್ಜಿಗೆ ಹೊಲಿಯಲು ಕೊಟ್ಟಿದ್ದೇನೆ. ಅವನಿಗೆ ಅರ್ಥವಾಗದೆ, "ಬುರ್ಖಾನಾ ಅಮ್ಮಾಜಿ?" ಎಂದು ಎರಡು ಸಲ ಕೇಳಿದ.

ತಂಕಪ್ಪನ್ ಸಾರ್‌ಗೆ ನನ್ನ ಹೆಸರು ಹೇಳಬೇಡ. ಆ ಯಮ್ಮ ಯಾರನ್ನು ತೋರಿಸಿದಳು ಎಂದು ಅವರು ಇನ್ನೊಂದು ಸ್ವಲ್ಪ ದಿನ ಯೋಚಿಸಲಿ. ಲೈಬ್ರರಿಯಿಂದ ಕುರುಪ್ ಸಾರ್ ಕೊಡೆಯನ್ನು ಆ ಒಂದು ದಿನದ ಮಟ್ಟಿಗೆ ಕೇಳಿ ತೆಗೆದುಕೊಂಡು ಬಾ. ನವೆಂಬರ್ ಮಳೆಯನ್ನು ನಂಬುವ ಹಾಗಿಲ್ಲ.

ಒಳಗೆ ಬರಬೇಡ. ಒಳಗೆ ನನ್ನ ಹೆಸರು ಕೂಗುತ್ತಾರೆ, ನಾನೊಬ್ಬಳೇ ಹೋಗುತ್ತೇನೆ. ನೀನು ವರಾಂಡದಲ್ಲಿ ನಿಂತಿರು. ಗೌನು ಹಾಕಿಕೊಂಡು ಹೊರಗೆ ಬರುತ್ತೇನೆ, ಬಂದು ಕೈ ಎತ್ತುತ್ತೇನೆ.

ಈ ಸಲ ಮುಖ ತಿರುಗಿಸಬೇಡ.

ಪಂಕಿ